ವಾಸ್ಕೋ ಡ ಗಾಮನ ನೆನಪು: ಕಲ್ಲು ನೆಟ್ಟವರು, ಕೆಡವಿದವರು

ಭಾರತಕ್ಕೆ ಸಮುದ್ರ ಮಾರ್ಗ ಕಂಡುಹಿಡಿದವನು ಯಾರು? ಹೈಸ್ಕೂಲಿನಲ್ಲಿ ಇದು ಒಂದು ಅಂಕದ ಪ್ರಶ್ನೆ. ವಾಸ್ಕೋ ಡ ಗಾಮ, 1498, ಕಲ್ಲಿಕೋಟೆ ಅಂತ ಬರೆದರೆ ಅಂಕ ಗ್ಯಾರಂಟಿ. ಆಫ್ರಿಕಾದ ಮಾಲಿಂದಿಯಿಂದ ಕೇರಳದವರೆಗೆ ಅವನಿಗೆ ದಾರಿ ತೋರಿಸಿದ್ದು ಈ ಕಡಲನ್ನು ಬಲ್ಲ ಒಬ್ಬ ನಾವಿಕ. ಅವನ ವಿಷಯ ಉತ್ತರಪತ್ರಿಕೆಗೆ ಬೇಕಾಗುವುದಿಲ್ಲ. ಆತ ಹೆಸರಾಂತ ಅರಬ್ ನಾವಿಕ ಇಬ್ನ್ ಮಾಜಿದ್ ಎಂದು ಬಹಳ ಕಾಲ ಹೇಳುತ್ತಿದ್ದರು. ಇತಿಹಾಸಕಾರರು ಈಗ ಅದನ್ನು ಒಪ್ಪುವುದಿಲ್ಲ. ದಾರಿ ತೋರಿಸಿದವನು ಗುಜರಾತಿನವನು ಎಂದು ಪೋರ್ಚುಗೀಸರೇ ಬರೆದಿಟ್ಟಿದ್ದಾರೆ.

ಗಾಮನಂಥವರ ಪ್ರತಿಮೆ, ಹೆಸರು, ಸ್ಮಾರಕ ಬೇಕೇ ಬೇಡವೇ ಎಂಬ ಜಗಳ ಇತ್ತೀಚಿನ ಫ್ಯಾಷನ್ ಎಂದು ಕೆಲವರಿಗೆ ಅನಿಸುತ್ತದೆ. ಗಾಮನ ಮಟ್ಟಿಗಂತೂ ಅದು ನಿಜವಲ್ಲ. ಅವನ ವಿರುದ್ಧದ ಸಾಕ್ಷಿ ಅವನ ಕಾಲದಲ್ಲೇ ಕಾಗದದ ಮೇಲೆ ಬಂದಿತ್ತು. ಬರೆದವರು ಅವನ ಜೊತೆಯವರೇ.

ಮೊದಲ ಪ್ರಯಾಣದಲ್ಲಿ ಭಯ ಹುಟ್ಟಿಸುವಂಥದ್ದಕ್ಕಿಂತ ನಗು ತರಿಸುವಂಥದ್ದೇ ಜಾಸ್ತಿ. ಕಲ್ಲಿಕೋಟೆಯ ದೊರೆ ಸಾಮೂದಿರಿ, ಅಂದರೆ ನಮ್ಮ ಪಠ್ಯಗಳ ಝಾಮೋರಿನ್. ಅವನ ಬಂದರಿಗೆ ಚೀನಾ, ಅರೇಬಿಯಾ, ಗುಜರಾತಿನ ಸರಕು ಬಂದು ಹೋಗಿ ತಲೆಮಾರುಗಳೇ ಆಗಿದ್ದವು. ಅಂಥವನಿಗೆ ಗಾಮ ತಂದ ಕಾಣಿಕೆ ಏನು ಗೊತ್ತಾ? ಪಟ್ಟೆ ಬಟ್ಟೆಯ ತುಂಡುಗಳು, ಟೋಪಿಗಳು, ಒಂದಿಷ್ಟು ಹವಳದ ಸರ, ಕೈ ತೊಳೆಯುವ ಬೋಗುಣಿಗಳು, ಸಕ್ಕರೆ, ಎಣ್ಣೆ, ಜೇನು. ನೋಡಿದ ಅಧಿಕಾರಿಗಳು ನಕ್ಕುಬಿಟ್ಟರು. ಮೆಕ್ಕಾದಿಂದ ಬರುವ ಬಡ ವ್ಯಾಪಾರಿ ಕೂಡ ಇದಕ್ಕಿಂತ ಜಾಸ್ತಿ ಕೊಡುತ್ತಾನೆ ಎಂದರು. ಗಾಮ ಅಲ್ಲಿನ ಒಂದು ದೇವಸ್ಥಾನವನ್ನು ಚರ್ಚ್ ಎಂದುಕೊಂಡು ಪ್ರಾರ್ಥನೆ ಮಾಡಿಯೂ ಬಂದ.

ನಂಟು ಹಳಸಿ ಆಗಸ್ಟ್ ಕೊನೆಯಲ್ಲಿ ಹೊರಟ. ಮುಂಗಾರಿನ ಗಾಳಿ ಇನ್ನೂ ತಿರುಗಿರಲಿಲ್ಲ. ಅರಬರಿಗೂ ಗುಜರಾತಿಗಳಿಗೂ ಗೊತ್ತಿದ್ದ ಈ ಲೆಕ್ಕ ಅವನಿಗೆ ಗೊತ್ತಿರಲಿಲ್ಲ. ಅಂಜುದೀವ್ ದ್ವೀಪದಲ್ಲಿ ತಂಗಿ ಹಡಗು ರಿಪೇರಿ ಮಾಡಿಸಿಕೊಂಡು, ನೀರು ತುಂಬಿಸಿಕೊಂಡ. ಆ ದ್ವೀಪ ನಮ್ಮ ಕಾರವಾರದ ಎದುರಿಗೇ ಇದೆ, ಲೆಕ್ಕಕ್ಕೆ ಮಾತ್ರ ಗೋವಾದ್ದು. ಅಕ್ಟೋಬರ್ 5ಕ್ಕೆ ಅಲ್ಲಿಂದ ಹೊರಟವರು ಆಫ್ರಿಕಾದ ದಡ ಕಂಡದ್ದು ಜನವರಿ 2ಕ್ಕೆ. ಬರುವಾಗ 23 ದಿನದಲ್ಲಿ ದಾಟಿದ್ದ ಕಡಲು! ವಸಡು ಊದುವ ಸ್ಕರ್ವಿ ಕಾಯಿಲೆಗೆ ಸುಮಾರು 30 ಜನ ಸತ್ತರು. ಹಡಗು ನಡೆಸಲು ಆಳು ಸಾಲದೆ ಒಂದು ಹಡಗನ್ನು ತಾವೇ ಸುಟ್ಟರು.

1502ರಲ್ಲಿ ಎರಡನೇ ಸಲ ಬಂದ ಗಾಮ ಬೇರೆಯೇ ಮನುಷ್ಯ. ಈ ಸಲ ಬೋಗುಣಿ ಇರಲಿಲ್ಲ, ಫಿರಂಗಿ ಇತ್ತು. 1500ರಲ್ಲಿ ಗಾಮನ ನಂತರ ಬಂದ ಪೋರ್ಚುಗೀಸ್ ನಾಯಕ ಕಬ್ರಾಲನ ತಂಡ ಕಲ್ಲಿಕೋಟೆಯಲ್ಲಿ ಒಂದು ಹಡಗು ಹಿಡಿದು ಗಲಾಟೆಯಾಗಿ, ಅಲ್ಲಿದ್ದ ಹಲವಾರು ಪೋರ್ಚುಗೀಸರ ಕೊಲೆ ಆಗಿತ್ತು. ಸೇಡು ತೀರಿಸಿಕೊಳ್ಳಬೇಕಿತ್ತು. ದಾರಿಯಲ್ಲಿ ಹೊನ್ನಾವರಕ್ಕೂ ಬೆಂಕಿ ಇಟ್ಟ, ಭಟ್ಕಳದಿಂದ ಅಕ್ಕಿಯ ಕಪ್ಪ ಕಟ್ಟಿಸಿಕೊಂಡ ಎಂದು ಪೋರ್ಚುಗೀಸ್ ಬರಹಗಾರ ಗಾಸ್ಪರ್ ಕೊರೆಯಾ ಹೇಳುತ್ತಾನೆ. ಉತ್ತರ ಕನ್ನಡದ ನಮ್ಮ ಊರುಗಳು ಗಾಮನ ಕಥೆಯಲ್ಲಿ ಬರುತ್ತವೆ ಎಂಬುದು ನಮ್ಮಲ್ಲೇ ಎಷ್ಟೋ ಜನಕ್ಕೆ ಗೊತ್ತಿಲ್ಲ.

ಆಮೇಲೆ ನಡೆದದ್ದು ‘ಮಿರಿ’ ಹಡಗಿನ ಘಟನೆ. ಮೆಕ್ಕಾ ಯಾತ್ರೆ ಮುಗಿಸಿ ವಾಪಸ್ ಬರುತ್ತಿದ್ದ ಹಡಗು. ನೂರಾರು ಜನ, ಅದರಲ್ಲಿ ಹೆಂಗಸರು ಮಕ್ಕಳೂ ಇದ್ದರು. ಶ್ರೀಮಂತ ವ್ಯಾಪಾರಿಗಳು ದೊಡ್ಡ ಮೊತ್ತದ ಒತ್ತೆಹಣ ಕೊಡುತ್ತೇವೆಂದರು. ಗಾಮ ಒಪ್ಪಲಿಲ್ಲ. ಸರಕು, ಆಯುಧ ಕಿತ್ತುಕೊಂಡು ಹಡಗಿಗೆ ಬೆಂಕಿ ಹಚ್ಚಿಸಿದ. ಅವರು ಬೆಂಕಿ ಆರಿಸಿದರು, ಕೈಗೆ ಸಿಕ್ಕಿದ್ದರಲ್ಲಿ ದಿನಗಟ್ಟಲೆ ಹೋರಾಡಿದರು. ಕೊನೆಗೆ ಹಡಗು ಸುಟ್ಟೇಹೋಯಿತು. ಉಳಿಸಿಕೊಂಡದ್ದು ಕೆಲವು ಮಕ್ಕಳನ್ನು ಮಾತ್ರ, ಅದೂ ಕ್ರೈಸ್ತರನ್ನಾಗಿ ಮಾಡಲು. ತಾಯಂದಿರು ಒಡವೆ ತೋರಿಸಿ, ಕೂಸುಗಳನ್ನು ಎತ್ತಿ ಹಿಡಿದು ಕರುಣೆ ಬೇಡಿದ್ದನ್ನು ಬರೆದಿಟ್ಟವನು ತೊಮೆ ಲೋಪೆಸ್. ಅದೇ ಪಡೆಯ ಒಂದು ಹಡಗಿನ ಲೆಕ್ಕ ಬರೆಯುವವನು. ಆ ದಿನವನ್ನು ಬದುಕಿರುವವರೆಗೆ ಮರೆಯಲಾರೆ ಎಂದು ಅವನೇ ಬರೆದಿದ್ದಾನೆ. ಗಾಮನನ್ನು ಆ ಕಾಲದ ಕಣ್ಣಿಂದ ನೋಡಬೇಕು ಎನ್ನುವವರು ಲೋಪೆಸನನ್ನು ಓದಬೇಕು. ಅವನೂ ಅದೇ ಕಾಲದವನೇ ಅಲ್ವಾ?

ಇಷ್ಟೆಲ್ಲ ದಾಖಲಾಗಿದ್ದರೂ ಪೋರ್ಚುಗಲ್ಲಿಗೆ ಒಬ್ಬ ವೀರ ಬೇಕಿದ್ದ. 1572ರಲ್ಲಿ ಕಮೋಯಿಶ್ ಬರೆದ ಮಹಾಕಾವ್ಯ ‘ಲೂಸಿಯಾದಶ್’ ಗಾಮನ ಮೊದಲ ಪ್ರಯಾಣವನ್ನು ದೇವತೆಗಳೂ ಪಾಲ್ಗೊಳ್ಳುವ ಸಾಹಸವಾಗಿಸಿತು. ಗಾಮನ ಮರಿಮಗ ಫ್ರಾನ್ಸಿಸ್ಕೋ ಡ ಗಾಮ ಗೋವಾಕ್ಕೆ ವೈಸರಾಯ್ ಆಗಿ ಬಂದ. ಹಳೇ ಗೋವಾದಲ್ಲಿ ಕಮಾನು ಕಟ್ಟಿಸಿ, ಅದರ ಮೇಲೆ ಮುತ್ತಜ್ಜನ ಪ್ರತಿಮೆ ನಿಲ್ಲಿಸಿದ. ಗೋವಾದ ಪೋರ್ಚುಗೀಸರಿಗೆ ಈ ವೈಸರಾಯ್ ಮೇಲೆ ಎಷ್ಟು ಕೋಪವಿತ್ತೆಂದರೆ, 1600ರ ಆಸುಪಾಸಿನಲ್ಲಿ ಆ ಪ್ರತಿಮೆಯನ್ನೇ ಕೆಡವಿ ಒಡೆದು ಹಾಕಿದರು. ಪ್ರತಿಮೆ ಒಡೆಯುವುದು ಇಂದಿನ ಹುಡುಗರ ಚಟ ಎನ್ನುವವರಿಗೆ ಇದನ್ನು ಸುಮ್ನೆ ಹೇಳಿದೆ. ಆಮೇಲೆ ಬೇರೆ ಪ್ರತಿಮೆ ಇಟ್ಟರು. ಕಮಾನು ಇವತ್ತಿಗೂ ಇದೆ.

ಅವನ ಮೂಳೆಗಳಿಗೂ ನೆಮ್ಮದಿ ಇರಲಿಲ್ಲ. 1524ರ ಡಿಸೆಂಬರ್ 24ರಂದು ಕೊಚ್ಚಿಯಲ್ಲಿ ಸತ್ತ. ಅಲ್ಲೇ ಹೂಳಿದರು. 1539ರಲ್ಲಿ ಪೋರ್ಚುಗಲ್ಲಿಗೆ ಸಾಗಿಸಿದರು. 19ನೇ ಶತಮಾನದ ಕೊನೆಗೆ ಯುರೋಪಿನ ದೊಡ್ಡ ದೇಶಗಳ ಮುಂದೆ ಪೋರ್ಚುಗಲ್ ಸಣ್ಣದಾಗಿತ್ತು. ಆಗ ಅವನನ್ನು ಲಿಸ್ಬನ್ನಿನ ಜೆರೋನಿಮೋಸ್ ಮಠಕ್ಕೆ ಒಯ್ದು ವೈಭವದ ಸಮಾಧಿ ಕಟ್ಟಿದರು. 20ನೇ ಶತಮಾನದಲ್ಲಿ ಸರ್ವಾಧಿಕಾರಿ ಸಲಾಜಾರ್ ಕಾಲದಲ್ಲಿ, 1960ರಲ್ಲಿ, ಆ ಮಠದ ಹತ್ತಿರ ತೇಜೋ ನದಿಯ ದಡದಲ್ಲಿ ನಾವಿಕರ ಕಲ್ಲಿನ ಸ್ಮಾರಕ ಎದ್ದಿತು. ಮರುವರ್ಷವೇ ಗೋವಾ ಕೈತಪ್ಪಿತು.

ಅದರಲ್ಲೂ ಅಂಜುದೀವ್ ಮತ್ತೆ ಬರುತ್ತದೆ. 1961ರ ನವೆಂಬರಿನಲ್ಲಿ ಅಲ್ಲಿದ್ದ ಪೋರ್ಚುಗೀಸ್ ಪಡೆ ಭಾರತದ ಪ್ರಯಾಣಿಕ ಹಡಗಿನ ಮೇಲೆ, ಮೀನುಗಾರರ ದೋಣಿಯ ಮೇಲೆ ಗುಂಡು ಹಾರಿಸಿತು. ಡಿಸೆಂಬರಿನ ಕಾರ್ಯಾಚರಣೆಗೆ ಅದೂ ಒಂದು ಕಾರಣ. ದ್ವೀಪ ಬಿಡಿಸುವಾಗ ನಮ್ಮ ನೌಕಾಪಡೆಯ 7 ಮಂದಿ ಸತ್ತರು. ಗೋವಾ ಬಂತು. ಮುರ್ಮಗೋವಾ ಬಂದರಿನ ಪಕ್ಕದ ಊರಿನ ಹೆಸರು ಮಾತ್ರ ವಾಸ್ಕೋ ಡ ಗಾಮ ಎಂದೇ ಉಳಿಯಿತು. ಹೆಸರು ಬದಲಿಸಿ ಎಂಬ ಕೂಗು ಆಗಾಗ ಏಳುತ್ತದೆ. ಹುಬ್ಬಳ್ಳಿ ಕಡೆಯಿಂದ ರೈಲಿನಲ್ಲಿ ಹೋಗುವವರಿಗೆ ಅದು ಬರೀ ‘ವಾಸ್ಕೋ’.

ನಿಜವಾದ ಮುಖಾಮುಖಿ ಆದದ್ದು 1998ರಲ್ಲಿ, 500 ವರ್ಷ ತುಂಬಿದಾಗ. ಪೋರ್ಚುಗಲ್ ಲಿಸ್ಬನ್ನಿನಲ್ಲಿ ಎಕ್ಸ್‌ಪೋ ನಡೆಸಿತು, ತೇಜೋ ನದಿಯ ಮೇಲಿನ ಉದ್ದನೆಯ ಹೊಸ ಸೇತುವೆಗೆ ಗಾಮನ ಹೆಸರಿಟ್ಟಿತು. ಕೇರಳ, ಗೋವಾಗಳಲ್ಲಿ ಪ್ರತಿಭಟನೆ ಎದ್ದಿತು. ವಸಾಹತು ಆಳ್ವಿಕೆಯ ಆರಂಭವನ್ನು ನಾವೇಕೆ ಹಬ್ಬ ಮಾಡಬೇಕು ಎಂಬ ಪ್ರಶ್ನೆಗೆ ಸರಿಯಾದ ಉತ್ತರ ಯಾರ ಬಳಿಯೂ ಇರಲಿಲ್ಲ. ಇಪ್ಪತ್ತು ವರ್ಷ ಕಳೆದ ಮೇಲೆ ಅದೇ ಪ್ರಶ್ನೆ ಲಿಸ್ಬನ್ನಿನಲ್ಲೇ ಎದ್ದಿತು. ಅಲ್ಲಿ ‘ಅನ್ವೇಷಣೆಗಳ ಮ್ಯೂಸಿಯಂ’ ಕಟ್ಟುವ ಯೋಜನೆ ಬಂದಾಗ, ಆ ಹೆಸರು ಬೇಡವೆಂದು 2018ರಲ್ಲಿ ನೂರಕ್ಕೂ ಹೆಚ್ಚು ವಿದ್ವಾಂಸರು ಬಹಿರಂಗ ಪತ್ರ ಬರೆದರು. ಗುಲಾಮರ ವ್ಯಾಪಾರದ ಕಥೆ ಯಾರು ಹೇಳುತ್ತಾರೆ ಎಂಬುದು ಅಲ್ಲಿನ ಚರ್ಚೆಯ ತಿರುಳಾಗಿತ್ತು.

ಕಲ್ಲಿಕೋಟೆಯ ಹತ್ತಿರ ಕಾಪ್ಪಾಡ್ ಕಡಲತೀರದಲ್ಲಿ ಒಂದು ಕಂಬವಿದೆ. 1498ರಲ್ಲಿ ಗಾಮ ಇಲ್ಲಿ ಇಳಿದ ಎಂದು ಅದರ ಬರಹ. ಪ್ರವಾಸಿಗರು ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಅವನು ನಿಜವಾಗಿ ನೆಲಕ್ಕೆ ಕಾಲಿಟ್ಟದ್ದು ಉತ್ತರಕ್ಕಿರುವ ಪಂದಲಾಯಿನಿ ಕೊಲ್ಲಂನಲ್ಲಿ ಎಂದು ಎಂ.ಜಿ.ಎಸ್. ನಾರಾಯಣನ್ ಅವರಂಥ ಇತಿಹಾಸಕಾರರು ವಾದಿಸಿದ್ದಾರೆ. ಪ್ರಯಾಣದ ದಿನಚರಿ ಓದಿದರೆ ಅದೇ ಸರಿ ಅನಿಸುತ್ತದೆ. ಆ ಕಂಬ ಕೀಳಿ ಎಂದು ನಾನು ಹೇಳುವುದಿಲ್ಲ. ಪಕ್ಕದಲ್ಲಿ ಇನ್ನೊಂದು ಫಲಕ ಹಾಕಲಿ. ಪಂದಲಾಯಿನಿಯ ಹೆಸರು ಅದರಲ್ಲಿರಲಿ, ಗುಜರಾತಿನ ನಾವಿಕನ ಮಾತಿರಲಿ, ಕೆಳಗೆ ಮಿರಿ ಹಡಗಿನ ಬಗ್ಗೆ ತೊಮೆ ಲೋಪೆಸ್ ಬರೆದದ್ದನ್ನು ಮಲಯಾಳದಲ್ಲೂ ಪೋರ್ಚುಗೀಸಿನಲ್ಲೂ ಕೆತ್ತಿಸಲಿ.