ಪ್ಲಗಿನ್‌ಗೆ ಬರೆದ ಸಿಎಸ್‌ಎಸ್ ಎಲ್ಲಿರಬೇಕು?

ವರ್ಡ್‌ಪ್ರೆಸ್ (ಜಾಲತಾಣ ಕಟ್ಟುವ ತಂತ್ರಾಂಶ) ಬಳಸುವ ತಾಣಕ್ಕೆ ಒಂದು ಫಾರ್ಮ್ ಪ್ಲಗಿನ್, ಅಂದರೆ ಫಾರ್ಮ್ ತೋರಿಸುವ ಹೆಚ್ಚುವರಿ ತಂತ್ರಾಂಶ, ಹಾಕಿದ್ದೀರಿ. ಬಟನ್ ಮೇಲೆ ‘ಸಲ್ಲಿಸಿ’ ಎಂದು ಬರೆದರೆ ಲಕಾರದ ಒತ್ತು ಅರ್ಧಕ್ಕೇ ಕತ್ತರಿಸಿದೆ. ಇಂಗ್ಲಿಷ್ ಅಕ್ಷರಕ್ಕೆ ಸಾಕಾಗುವಷ್ಟೇ ಎತ್ತರ ಕೊಟ್ಟಿದ್ದಾರೆ, ಅಷ್ಟೆ. ಎರಡು ಸಾಲು ಸಿಎಸ್‌ಎಸ್ (ಪುಟ ಹೇಗೆ ಕಾಣಬೇಕೆಂದು ಹೇಳುವ ಕೋಡ್) ಬರೆದರೆ ಸರಿಹೋಗುತ್ತದೆ. ಆದರೆ ಆ ಎರಡು ಸಾಲನ್ನು ಇಡುವುದೆಲ್ಲಿ?

ವರ್ಡ್‌ಪ್ರೆಸ್‌ಗೆ ಪ್ಲಗಿನ್ ಬಂದಿದ್ದು 2004ರಲ್ಲಿ, ತಾಣದ ಒಟ್ಟು ರೂಪ ಕೊಡುವ ಥೀಮ್ ಮರುವರ್ಷ. ಆಗೆಲ್ಲ ಪ್ಲಗಿನ್‌ನ ಫೈಲನ್ನೇ ತೆರೆದು ತಿದ್ದುತ್ತಿದ್ದರು. ಹೊಸ ಆವೃತ್ತಿಯನ್ನು ಕೈಯಾರೆ ಎಫ್‌ಟಿಪಿಯಲ್ಲಿ (ಸರ್ವರ್‌ಗೆ ಫೈಲ್ ಕಳಿಸುವ ವಿಧಾನ) ಏರಿಸಬೇಕಿದ್ದರಿಂದ ಅದು ಹೇಗೋ ನಡೆಯುತ್ತಿತ್ತು.

2008ರಲ್ಲಿ ಲೆಕ್ಕ ಬದಲಾಯಿತು. ಮಾರ್ಚ್‌ನಲ್ಲಿ ಬಂದ 2.5ನೇ ಆವೃತ್ತಿ ಒಂದೇ ಕ್ಲಿಕ್‌ನಲ್ಲಿ ಪ್ಲಗಿನ್ ಅಪ್‌ಡೇಟ್ ಮಾಡತೊಡಗಿತು. ಹಳೆಯ ಫೋಲ್ಡರ್ ಅಳಿಸಿ ಹೊಸದನ್ನು ಇಡುವುದೇ ಅಪ್‌ಡೇಟ್. ನಾವು ತಿದ್ದಿದ್ದೂ ಅದರ ಜೊತೆಗೇ ಹೋಯಿತು. ಜುಲೈನ 2.6ರಲ್ಲಿ ಸಿಎಸ್‌ಎಸ್ ಫೈಲನ್ನು ಪುಟಕ್ಕೆ ಸೇರಿಸುವ ‘ಡಬ್ಲ್ಯೂಪಿ ಎನ್‌ಕ್ಯೂ ಸ್ಟೈಲ್’ ಎಂಬ ಫಂಕ್ಷನ್ ಬಂತು. ನನ್ನ ಮಟ್ಟಿಗೆ ಸರಿಯಾದ ದಾರಿ ಆಗಲೇ ಸಿಕ್ಕಿತ್ತು. ಚೈಲ್ಡ್ ಥೀಮ್‌ನಲ್ಲಿ (ಮೂಲ ಥೀಮ್ ಮುಟ್ಟದೆ ಅದರ ಮೇಲೆ ಕಟ್ಟುವ ನಿಮ್ಮದೇ ಥೀಮ್) ಒಂದೊಂದು ಪ್ಲಗಿನ್‌ಗೆ ಒಂದೊಂದು ಫೈಲ್ ಇಡಿ. ಅದನ್ನು ಈ ಫಂಕ್ಷನ್‌ನಿಂದ ಸೇರಿಸುವಾಗ ಪ್ಲಗಿನ್‌ನ ಸ್ಟೈಲ್ ಹೆಸರನ್ನು ಡಿಪೆಂಡೆನ್ಸಿ (ಇದಕ್ಕೂ ಮೊದಲು ಬರಬೇಕಾದದ್ದು) ಎಂದು ಕೊಡಿ. ನಿಮ್ಮ ಫೈಲ್ ಪ್ಲಗಿನ್‌ನದ್ದರ ನಂತರವೇ ಬರುತ್ತದೆ. ಸಮಬಲದ ನಿಯಮಗಳಲ್ಲಿ ಕೊನೆಗೆ ಬಂದದ್ದೇ ಗೆಲ್ಲುತ್ತದೆ ಅಲ್ವಾ, ಹಾಗಾಗಿ ನಿಯಮವನ್ನು ಬಲವಂತವಾಗಿ ಗೆಲ್ಲಿಸುವ ‘ಇಂಪಾರ್ಟೆಂಟ್’ ಎಂಬ ಗುರುತನ್ನು ಸುಮ್ನೆ ಎಲ್ಲೆಡೆ ಹಾಕಬೇಕಿಲ್ಲ. ಪ್ಲಗಿನ್ ನಿಲ್ಲಿಸಿದರೆ ಆ ಹೆಸರೂ ಇರುವುದಿಲ್ಲ, ನಿಮ್ಮ ಫೈಲೂ ಲೋಡ್ ಆಗುವುದಿಲ್ಲ.

ಆದರೆ ಇದಕ್ಕೆ ವರ್ಡ್‌ಪ್ರೆಸ್‌ನ ಕೋಡ್ ಬರೆಯುವ ಭಾಷೆಯಾದ ಪಿಎಚ್‌ಪಿ ಸ್ವಲ್ಪ ಬರಬೇಕು. ಜಾಸ್ತಿ ಜನ ಎಲ್ಲವನ್ನೂ ಥೀಮ್‌ನ ಒಂದೇ ಫೈಲಿಗೆ ತುಂಬಿದರು. 2016ರ ಡಿಸೆಂಬರ್‌ನಲ್ಲಿ 4.7ನೇ ಆವೃತ್ತಿ ಕಸ್ಟಮೈಸರ್‌ನಲ್ಲೇ (ತಾಣದ ರೂಪ ಬದಲಿಸುವ ಪರದೆ) ಸಿಎಸ್‌ಎಸ್ ಬರೆಯುವ ಜಾಗ ಕೊಟ್ಟಿತು. ಕೋಡ್ ಬಾರದವರಿಗೆ ದೊಡ್ಡ ಉಪಕಾರ. ಆದರೆ ಅಲ್ಲಿ ಬರೆದದ್ದು ಆ ಥೀಮ್‌ಗೆ ಮಾತ್ರ ಅಂಟಿರುತ್ತದೆ. ಥೀಮ್ ಬದಲಿಸಿದ ದಿನ ‘ಸಲ್ಲಿಸಿ’ಯ ಒತ್ತು ಮತ್ತೆ ಕತ್ತರಿಸುತ್ತದೆ. ಪ್ಲಗಿನ್ ತೆಗೆದು ಎಷ್ಟೋ ಕಾಲವಾದರೂ ಅದರ ನಿಯಮ ಅಲ್ಲೇ ಇರುತ್ತದೆ. ಯಾವ ಸಾಲು ಯಾವುದಕ್ಕೆ ಬರೆದದ್ದು ಎಂದು ಹೇಳುವವರಿಲ್ಲ, ಅಳಿಸಲು ಧೈರ್ಯವೂ ಇಲ್ಲ.

2021ರಲ್ಲಿ ಬಂದ ‘ಥೀಮ್ ಜೇಸನ್’ ಎಂಬ ಸೆಟ್ಟಿಂಗ್ ಫೈಲ್, ಪುಟ ಕಟ್ಟುವ ತುಣುಕುಗಳಾದ ಬ್ಲಾಕ್‌ಗಳ ರೂಪಕ್ಕೆ ಒಂದು ಶಿಸ್ತು ತಂದಿತು. ತಮ್ಮದೇ ಎಚ್‌ಟಿಎಂಎಲ್ ಹೊರಹಾಕುವ ಹಳೆಯ ಶಾರ್ಟ್‌ಕೋಡ್ (ಪುಟದಲ್ಲಿ ಆವರಣದೊಳಗೆ ಬರೆಯುವ ಚಿಕ್ಕ ಸಂಕೇತ) ಪ್ಲಗಿನ್‌ಗಳಿಗೆ ಅದು ಅಷ್ಟಾಗಿ ಮುಟ್ಟುವುದಿಲ್ಲ. 2022ರಲ್ಲಿ ಬ್ರೌಸರ್‌ಗಳಿಗೆ ಸಿಎಸ್‌ಎಸ್ ನಿಯಮಗಳನ್ನು ಪದರ ಪದರವಾಗಿ ಇಡುವ ಕ್ಯಾಸ್ಕೇಡ್ ಲೇಯರ್ ಬಂತು. ಇಲ್ಲಿ ಲೇಯರ್‌ನ ಹೊರಗಿರುವ ಸಾಮಾನ್ಯ ನಿಯಮ ಒಳಗಿರುವುದನ್ನು ಸೋಲಿಸುತ್ತದೆ. ಆದ್ದರಿಂದ ನಮ್ಮದನ್ನು ಲೇಯರ್‌ನಲ್ಲಿಟ್ಟು ಪ್ರಯೋಜನವಿಲ್ಲ. ಪ್ಲಗಿನ್ ಬರೆಯುವವರು ತಮ್ಮ ಸ್ಟೈಲನ್ನು ಲೇಯರ್ ಒಳಗೆ ಇಟ್ಟುಕೊಟ್ಟರೆ, ಹೊರಗಿರುವ ನಮ್ಮ ಎರಡು ಸಾಲು ತಾನಾಗಿಯೇ ಗೆಲ್ಲುತ್ತದೆ.