50 ವಾಟಿನ ಆಂಪ್ಲಿಫೈಯರಿಗೆ ಎಷ್ಟು ವಾಟಿನ ಸ್ಪೀಕರ್ ಬೇಕು?

ಪ್ರಶ್ನೆ: ನಮ್ಮ ಹಾಲ್ 12 ಅಡಿ ಅಗಲ, 14 ಅಡಿ ಉದ್ದ ಇದೆ. ಚಾನೆಲ್ಲಿಗೆ 50 ವಾಟ್ ಕೊಡುವ ಸ್ಟೀರಿಯೋ ಆಂಪ್ಲಿಫೈಯರ್ ಕೊಂಡಿದ್ದೇನೆ. ಮನೆಯಲ್ಲಿ ಹೆಚ್ಚಾಗಿ ಹಿಂದುಸ್ತಾನಿ ಗಾಯನ ಮತ್ತು ಭಾವಗೀತೆಗಳನ್ನು ಕೇಳುತ್ತೇವೆ. ಎಷ್ಟು ವಾಟಿನ ಸ್ಪೀಕರ್ ಕೊಳ್ಳಬೇಕು? 100 ವಾಟಿಗಿಂತ ಕಡಿಮೆಯದನ್ನು ಕೊಂಡರೆ ಸುಟ್ಟುಹೋಗುತ್ತದೆ ಎಂದು ಅಂಗಡಿಯಲ್ಲಿ ಹೇಳುತ್ತಾರೆ. ಟಿವಿ ಪಕ್ಕದ ಷೋಕೇಸಿನಲ್ಲಿ ಇಟ್ಟರೆ ನಡೆಯುತ್ತದೆಯೇ?

ಉತ್ತರ: ಹಾಲಿನ ಅಳತೆಯೂ ಕೇಳುವ ಸಂಗೀತವೂ ಪತ್ರದಿಂದ ಪತ್ರಕ್ಕೆ ಬದಲಾಗುತ್ತವೆ, ಆದರೆ ಮೊದಲ ಪ್ರಶ್ನೆ ಮಾತ್ರ ಯಾವಾಗಲೂ ವಾಟಿನದೇ ಆಗಿರುತ್ತದೆ. ಇದಕ್ಕೆ ಹಿಂದೆಯೂ ಹಲವು ಸಲ ಉತ್ತರಿಸಿದ್ದೇನೆ. ಆದರೂ ಈ ತಪ್ಪು ತಿಳಿವಳಿಕೆ ಅಲುಗಾಡದೆ ನಿಂತಿರುವುದರಿಂದ ಈ ಬಾರಿ ಅದನ್ನು ಬುಡಸಮೇತ ಬಿಡಿಸಿ ಹೇಳುತ್ತೇನೆ. ದಯವಿಟ್ಟು ಪೂರ್ತಿ ಓದಿ. ಅವಸರದಲ್ಲಿರುವವರಿಗೆ ಉತ್ತರದ ಸಾರ ಇಷ್ಟು: ಸ್ಪೀಕರಿನ ವಾಟನ್ನು ನೋಡಿ ಕೊಳ್ಳಬೇಡಿ, ಸೆನ್ಸಿಟಿವಿಟಿಯನ್ನು (ಕೊಟ್ಟ ವಿದ್ಯುತ್ತಿಗೆ ಅದು ಎಷ್ಟು ಗಟ್ಟಿಯಾಗಿ ನುಡಿಯುತ್ತದೆ ಎಂಬ ಅಂಕಿಯನ್ನು) ನೋಡಿ ಕೊಳ್ಳಿ; ಷೋಕೇಸಿನಲ್ಲಿ ಇಡಬೇಡಿ.

ಸ್ಪೀಕರಿನ ಹಿಂಬದಿಯಲ್ಲಿ 100 ವಾಟ್ ಎಂದು ಬರೆದಿದ್ದರೆ ಅದು ಆ ಸ್ಪೀಕರ್ ಹೊರಡಿಸುವ ಶಬ್ದದ ಅಳತೆಯಲ್ಲ. ಸ್ಪೀಕರ್ ತಾನಾಗಿ ಯಾವ ವಾಟನ್ನೂ ಉತ್ಪಾದಿಸುವುದಿಲ್ಲ, ಆಂಪ್ಲಿಫೈಯರ್ ಕೊಟ್ಟದ್ದನ್ನು ತೆಗೆದುಕೊಳ್ಳುತ್ತದೆ, ಅಷ್ಟೇ. ತೆಗೆದುಕೊಂಡದ್ದರಲ್ಲಿಯೂ ಶಬ್ದವಾಗಿ ಹೊರಬರುವ ಪಾಲು ಅತ್ಯಲ್ಪ: ಮನೆಗಳಲ್ಲಿ ಬಳಸುವ ಸಾಮಾನ್ಯ ಸ್ಪೀಕರುಗಳಲ್ಲಿ ಅದು ನೂರಕ್ಕೆ ಒಂದರಷ್ಟೂ ಇರುವುದಿಲ್ಲ. ಉಳಿದದ್ದೆಲ್ಲ ತಗ್ಗಿನ ಸ್ವರಗಳನ್ನು ನುಡಿಸುವ ವೂಫರಿನ ಮತ್ತು ಮೇಲಿನ ಸ್ವರಗಳನ್ನು ನುಡಿಸುವ ಟ್ವೀಟರಿನ ಒಳಗಿರುವ ವಾಯ್ಸ್ ಕಾಯಿಲ್ ಎಂಬ ತೆಳುತಂತಿಯ ಸುರುಳಿಯಲ್ಲಿ ಶಾಖವಾಗಿ ಕಳೆದುಹೋಗುತ್ತದೆ. ಆ ಸುರುಳಿ ಕರಗದೆ, ಅದರ ಅಂಟು ಬಿಡದೆ ಎಷ್ಟು ಶಾಖವನ್ನು ತಾಳಿಕೊಳ್ಳಬಲ್ಲದು ಎಂಬುದನ್ನೇ ಆ 100 ವಾಟ್ ಸೂಚಿಸುತ್ತದೆ. ಲಿಫ್ಟಿನೊಳಗೆ ಆರು ಜನರಿಗೆ ಮಾತ್ರ ಎಂದು ಬರೆದ ಫಲಕವನ್ನು ಓದಿ ಆ ಲಿಫ್ಟ್ ಎಷ್ಟು ವೇಗವಾಗಿ ಏರುತ್ತದೆಂದು ಯಾರೂ ಲೆಕ್ಕ ಹಾಕುವುದಿಲ್ಲ. ಸ್ಪೀಕರಿನ ವಾಟನ್ನು ಓದಿ ಅದರ ಶಬ್ದದ ಗಟ್ಟಿತನವನ್ನು ಊಹಿಸುವುದು ಅದೇ ಬಗೆಯ ಲೆಕ್ಕ.

ಗಟ್ಟಿತನವನ್ನು ತಿಳಿಸುವ ಅಂಕಿ ಬೇರೆ ಇದೆ, ಅದೇ ಸೆನ್ಸಿಟಿವಿಟಿ. ಸ್ಪೀಕರಿಗೆ 2.83 ವೋಲ್ಟ್ ಕೊಟ್ಟು, 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಶಬ್ದ ಕೇಳುತ್ತದೆಂದು ಅಳೆದು ಇದನ್ನು ಹೇಳುತ್ತಾರೆ. 2.83 ವೋಲ್ಟ್ ಎಂದರೆ 8 ಓಮ್ (ಓಮ್ ಎಂದರೆ ವಿದ್ಯುತ್ತಿಗೆ ಸ್ಪೀಕರ್ ಒಡ್ಡುವ ತಡೆಯ ಅಳತೆ) ಸ್ಪೀಕರಿಗೆ 1 ವಾಟ್, 4 ಓಮ್ ಸ್ಪೀಕರಿಗೆ 2 ವಾಟ್ ಎಂಬುದನ್ನು ನೆನಪಿಡಬೇಕು, ಏಕೆಂದರೆ 4 ಓಮಿನ ಸ್ಪೀಕರುಗಳ ಸೆನ್ಸಿಟಿವಿಟಿ ಕಾಗದದ ಮೇಲೆ ತುಸು ಹೆಚ್ಚಾಗಿ ಕಾಣುವುದಕ್ಕೆ ಇದೇ ಕಾರಣ. ಈ ಅಂಕಿಯಲ್ಲಿ 3 ಡೆಸಿಬೆಲ್ ವ್ಯತ್ಯಾಸವಿದ್ದರೆ ಅದೇ ಗಟ್ಟಿತನಕ್ಕೆ ಬೇಕಾಗುವ ವಿದ್ಯುತ್ತು ಎರಡರಷ್ಟಾಗುತ್ತದೆ, 6 ಇದ್ದರೆ ನಾಲ್ಕರಷ್ಟು, 10 ಇದ್ದರೆ ಹತ್ತರಷ್ಟು. ಅಂದರೆ 90 ಡೆಸಿಬೆಲ್ ಸೆನ್ಸಿಟಿವಿಟಿಯ ಸ್ಪೀಕರಿಗೆ 50 ವಾಟ್ ಕೊಟ್ಟಾಗ ಬರುವ ಶಬ್ದವನ್ನು 84 ಡೆಸಿಬೆಲ್ಲಿನ ಸ್ಪೀಕರಿನಿಂದ ಪಡೆಯಲು 200 ವಾಟ್ ಬೇಕು. ಆ ಎರಡೂ ಸ್ಪೀಕರುಗಳ ಬೆನ್ನ ಮೇಲೆ 100 ವಾಟ್ ಎಂದೇ ಬರೆದಿರಬಹುದು.

ಎರಡು ಹೆಸರಾಂತ ಸ್ಪೀಕರುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡೋಣ. ಅಮೆರಿಕದ ಪಾಲ್ ಕ್ಲಿಪ್ಷ್ 1946ರಲ್ಲಿ ಮಾರುಕಟ್ಟೆಗೆ ತಂದ, ಕೋಣೆಯ ಮೂಲೆಗೆಂದೇ ರೂಪಿಸಿದ ಕ್ಲಿಪ್ಷ್‌ಹಾರ್ನ್ ಸ್ಪೀಕರಿನ ಸೆನ್ಸಿಟಿವಿಟಿಯನ್ನು ಅದರ ತಯಾರಕರು 105 ಡೆಸಿಬೆಲ್ ಎಂದು ಹೇಳುತ್ತಾರೆ. ಬ್ರಿಟನ್ನಿನ ಬಿಬಿಸಿ 1970ರ ದಶಕದಲ್ಲಿ ತನ್ನ ಹೊರಾಂಗಣ ಪ್ರಸಾರದ ವ್ಯಾನುಗಳಿಗಾಗಿ ರೂಪಿಸಿದ ಎಲ್‌ಎಸ್3/5ಎ ಎಂಬ ಪುಟ್ಟ ಸ್ಪೀಕರಿನ ಸೆನ್ಸಿಟಿವಿಟಿ ಸುಮಾರು 82.5 ಮಾತ್ರ. ಮೊದಲನೆಯದಕ್ಕೆ 1 ವಾಟ್ ಕೊಟ್ಟಾಗ ಬರುವ ಗಟ್ಟಿತನಕ್ಕೆ ಎರಡನೆಯದು ನೂರೈವತ್ತು ವಾಟಿಗೂ ಹೆಚ್ಚು ಕೇಳುತ್ತದೆ. ಆದರೆ ಅದು ತಾಳುವುದು 25 ವಾಟ್ ಮಾತ್ರ. ಇಷ್ಟಾದರೂ ಮನುಷ್ಯರ ಕಂಠವನ್ನು ಸಹಜವಾಗಿ ಕೇಳಿಸುತ್ತದೆ ಎಂಬ ಒಂದೇ ಕಾರಣಕ್ಕೆ ಆ 25 ವಾಟಿನ ಪೆಟ್ಟಿಗೆಯನ್ನು ಅರ್ಧ ಶತಮಾನದ ನಂತರವೂ ರಸಿಕರು ಹುಡುಕಿಕೊಂಡು ಹೋಗುತ್ತಾರೆ. ವಾಟಿನ ಅಂಕಿ ಗಟ್ಟಿತನವನ್ನೂ ಹೇಳುವುದಿಲ್ಲ, ಗುಣವನ್ನೂ ಹೇಳುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಈಗ ನಿಮ್ಮ ಹಾಲಿನ ಲೆಕ್ಕಕ್ಕೆ ಬರೋಣ. 86 ಡೆಸಿಬೆಲ್ಲಿನ ಎರಡು ಸ್ಪೀಕರುಗಳು ನಿಮ್ಮಿಂದ ಏಳೆಂಟು ಅಡಿ ದೂರದಲ್ಲಿವೆ ಎಂದುಕೊಳ್ಳಿ. ದೂರದಿಂದಾಗಿ ಶಬ್ದ ತಗ್ಗುತ್ತದೆ, ಸ್ಪೀಕರುಗಳು ಎರಡಿರುವುದರಿಂದಲೂ ಗೋಡೆಗಳ ಪ್ರತಿಫಲನದಿಂದಲೂ ತಗ್ಗಿದ್ದರಲ್ಲಿ ಬಹುಪಾಲು ಮರಳಿ ಬರುತ್ತದೆ. ಎರಡಕ್ಕೂ ಒಂದೊಂದು ವಾಟ್ ಕೊಟ್ಟರೆ ನಿಮ್ಮ ಕಿವಿಯ ಬಳಿ 80 ಡೆಸಿಬೆಲ್ಲಿಗಿಂತ ಹೆಚ್ಚೇ ಇರುತ್ತದೆ, ಮತ್ತು ಮನೆಯಲ್ಲಿ ಕುಳಿತು ಖಯಾಲ್ ಕೇಳುವಾಗ ಸರಾಸರಿ ಅಷ್ಟು ಗಟ್ಟಿಯಾಗಿ ಯಾರೂ ಕೇಳುವುದಿಲ್ಲ. ತಬಲಾದ ಪೆಟ್ಟು, ತಾರಸಪ್ತಕಕ್ಕೆ ಏರಿದ ತಾನ್, ಇಂಥ ಕ್ಷಣಗಳಲ್ಲಿ ಸರಾಸರಿಗಿಂತ 15 ಡೆಸಿಬೆಲ್ ಮೇಲಕ್ಕೆ ಜಿಗಿದರೂ ಬೇಕಾಗುವುದು ಮೂವತ್ತು ವಾಟಿನ ಆಸುಪಾಸು. ನಿಮ್ಮ ಆಂಪ್ಲಿಫೈಯರ್ ಬಹಳ ಸಾಕು. ಅದನ್ನು 100 ವಾಟಿನದಕ್ಕೆ ಬದಲಾಯಿಸಿದರೂ ಸಿಗುವುದು 3 ಡೆಸಿಬೆಲ್, ಅಂದರೆ ಗಮನವಿಟ್ಟು ಕೇಳಿದರೆ ತಿಳಿಯುವಷ್ಟು ಏರಿಕೆ. ಕಿವಿಗೆ ಎರಡರಷ್ಟು ಗಟ್ಟಿ ಎನಿಸಬೇಕಾದರೆ ಸುಮಾರು ಹತ್ತರಷ್ಟು ವಾಟ್ ಬೇಕು.

ಸುಟ್ಟುಹೋಗುವ ಭಯಕ್ಕೂ ಉತ್ತರ ಹೇಳಲೇಬೇಕು. 50 ವಾಟಿನ ಆಂಪ್ಲಿಫೈಯರಿಗೆ 40 ವಾಟಿನ ಸ್ಪೀಕರ್ ಜೋಡಿಸಿ ಮನೆಯ ಮಟ್ಟದಲ್ಲಿ ಕೇಳಿದರೆ ಏನೂ ಸುಡುವುದಿಲ್ಲ, ಏಕೆಂದರೆ ಹೆಚ್ಚಿನ ಹೊತ್ತು ಹರಿಯುವುದು ಒಂದು ವಾಟಿನ ಅಕ್ಕಪಕ್ಕ. ಮನೆಗಳಲ್ಲಿ ನಿಜವಾಗಿ ಸುಡುವುದು ಟ್ವೀಟರ್, ಅದೂ ಬಹುಮಟ್ಟಿಗೆ ಚಿಕ್ಕ ಆಂಪ್ಲಿಫೈಯರನ್ನು ಅದರ ಶಕ್ತಿ ಮೀರಿ ದುಡಿಸಿದಾಗ. ಸಮಾರಂಭದ ದಿನ ವಾಲ್ಯೂಮನ್ನು ಪೂರ್ತಿ ತಿರುಗಿಸಿದಾಗ ಆಂಪ್ಲಿಫೈಯರಿಗೆ ಅಲೆಯ ತುದಿಯನ್ನು ಕೊಡಲಾಗದೆ ಅದು ಕತ್ತರಿಸಿ ಚಪ್ಪಟೆಯಾಗುತ್ತದೆ. ಚಪ್ಪಟೆಯಾದ ಅಲೆಯಲ್ಲಿ ಮೂಲದಲ್ಲಿ ಇಲ್ಲದ ಉಚ್ಚ ಕಂಪನಾಂಕಗಳು ಹುಟ್ಟುತ್ತವೆ, ಸರಾಸರಿ ಶಕ್ತಿಯೂ ಏರುತ್ತದೆ, ಮತ್ತು ಎರಡೂ ಸೇರಿ ಕೆಲವೇ ವಾಟ್ ತಾಳಬಲ್ಲ ಟ್ವೀಟರಿನ ಸುರುಳಿಯನ್ನು ಬಿಸಿಮಾಡುತ್ತವೆ. ಆದ್ದರಿಂದ ಸ್ಪೀಕರಿನ ಮೇಲಿನ ಅಂಕಿ ಆಂಪ್ಲಿಫೈಯರಿನದಕ್ಕಿಂತ ದೊಡ್ಡದಾಗಿದ್ದರೆ ಕ್ಷೇಮ ಎಂಬ ನಂಬಿಕೆಗೆ ಆಧಾರವಿಲ್ಲ. ಧ್ವನಿ ಕರ್ಕಶವಾಗತೊಡಗಿದ ಕೂಡಲೇ ವಾಲ್ಯೂಮ್ ತಗ್ಗಿಸುವ ಅಭ್ಯಾಸವೇ ಕ್ಷೇಮ.

ಈ ನಂಬಿಕೆ ಎಲ್ಲಿಂದ ಬಂತು ಎಂಬುದು ಟೂ-ಇನ್-ಒನ್ ಕ್ಯಾಸೆಟ್ ಯಂತ್ರಗಳ ಕಾಲ ಕಂಡವರಿಗೆ ತಿಳಿದೇ ಇದೆ. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ನೂರಾರು, ಸಾವಿರಾರು ವಾಟ್ ಪಿಎಂಪಿಒ (ಕ್ಷಣಮಾತ್ರದ ಗರಿಷ್ಠ ಶಕ್ತಿ ಎಂಬ ಅಳತೆ) ಎಂದು ಅಚ್ಚಾಗಿರುತ್ತಿತ್ತು. ಆ ಅಳತೆಗೆ ಎಲ್ಲರೂ ಒಪ್ಪಿದ ಯಾವ ಮಾನದಂಡವೂ ಇರಲಿಲ್ಲ, ತಯಾರಕರು ತಮಗೆ ತೋಚಿದಂತೆ ಬರೆದುಕೊಳ್ಳುತ್ತಿದ್ದರು. ಇಂದಿಗೂ ಅಂಥ ಪೆಟ್ಟಿಗೆ ಎದುರಾದರೆ ಹಿಂದಕ್ಕೆ ತಿರುಗಿಸಿ, ಅದು ಗೋಡೆಯ ಪ್ಲಗ್ಗಿನಿಂದ ಎಷ್ಟು ವಾಟ್ ಎಳೆಯುತ್ತದೆಂದು ಬರೆದ ಚಿಕ್ಕ ಅಕ್ಷರಗಳನ್ನು ಓದಿ. 30 ವಾಟ್ ಎಳೆಯುವ ಯಂತ್ರ ಎಡೆಬಿಡದೆ 1000 ವಾಟ್ ಹೊರಗೆ ಕೊಡಲಾರದು.

ಆಯ್ಕೆಯ ಉಳಿದ ಮಾತುಗಳು ಬೇಗ ಮುಗಿಯುತ್ತವೆ. ನಿಮ್ಮ ಹಾಲಿಗೆ 6 ಅಥವಾ 6.5 ಇಂಚಿನ ವೂಫರ್ ಇರುವ, 86ರಿಂದ 89 ಡೆಸಿಬೆಲ್ಲಿನ, 6 ಅಥವಾ 8 ಓಮಿನ, ಸ್ಟ್ಯಾಂಡಿನ ಮೇಲೆ ಇಡುವ ಚಿಕ್ಕ ಬುಕ್‌ಷೆಲ್ಫ್ ಸ್ಪೀಕರ್ ಜೋಡಿ ಸಾಕು. ಎತ್ತರದ ಟವರ್ ಸ್ಪೀಕರ್ ಬೇಡ ಎನ್ನುವುದಕ್ಕೆ ನೀವು ಕೇಳುವ ಸಂಗೀತವೇ ಕಾರಣ. ಹಾರ್ಮೋನಿಯಂನ ಮೊದಲ ಕಪ್ಪು ಮನೆಯನ್ನು ಷಡ್ಜವಾಗಿಟ್ಟು ಹಾಡುವ ಗಾಯಕರ ಷಡ್ಜ ಸುಮಾರು 139 ಹರ್ಟ್ಸ್ (ಸೆಕೆಂಡಿಗೆ 139 ಕಂಪನ), ಅವರ ತಂಬೂರಿಯ ಮಂದ್ರ ಷಡ್ಜದ ತಂತಿ ಸುಮಾರು 69 ಹರ್ಟ್ಸ್. ಗಾಯಕಿಯರ ಶ್ರುತಿ ಇನ್ನೂ ಮೇಲಿರುತ್ತದೆ. 55 ಹರ್ಟ್ಸಿನವರೆಗೆ ಸಮವಾಗಿ ನುಡಿಯುವ ಸ್ಪೀಕರಿನಲ್ಲಿ ಇವೆಲ್ಲ ಪೂರ್ತಿಯಾಗಿ ಬರುತ್ತವೆ, ಅದಕ್ಕಿಂತ ಕೆಳಗಿನದಕ್ಕೆ ಕೊಡುವ ಹಣವನ್ನು ಒಳ್ಳೆಯ ಸ್ಟ್ಯಾಂಡಿಗೆ ಕೊಡಿ.

ಸ್ಟ್ಯಾಂಡ್ ಏಕೆಂದರೆ ಷೋಕೇಸಿನಲ್ಲಿ ಇಡಬಾರದು. ಮೂರು ಕಡೆ ಹಲಗೆ, ಮುಂದೆ ಜಾರುವ ಗಾಜು, ಪಕ್ಕದಲ್ಲಿ ಗೊಂಬೆಗಳು ಮತ್ತು ಪಾರಿತೋಷಕಗಳು ಇರುವ ಆ ಗೂಡಿನಲ್ಲಿ ಸ್ಪೀಕರಿನ ತಗ್ಗಿನ ಸ್ವರಗಳು ಊದಿಕೊಳ್ಳುತ್ತವೆ, ಗಾಜು ತನ್ನದೇ ಸ್ವರ ಸೇರಿಸುತ್ತದೆ. ಎರಡು ಸ್ಪೀಕರುಗಳ ನಡುವೆ ಇರಬೇಕಾದ ಅಂತರವೂ ಸಿಗುವುದಿಲ್ಲ.

ನಿಲ್ಲಿಸುವ ಜಾಗದ ವಿಷಯದಲ್ಲಿ ನಮ್ಮ ಮನೆಗಳಿಗೆ ವಿದೇಶಿ ಸಲಹೆಗಳನ್ನು ಹಾಗೆಯೇ ಅನ್ವಯಿಸಲಾಗದು. ಅಮೆರಿಕದ ಮನೆಗಳಲ್ಲಿ ಮರದ ಚೌಕಟ್ಟಿಗೆ ಜಿಪ್ಸಮ್ ಹಲಗೆ ಹೊಡೆದ ಗೋಡೆಗಳೇ ಹೆಚ್ಚು; ಅವು ತುಸು ಕಂಪಿಸಿ ತಗ್ಗಿನ ಸ್ವರಗಳ ಒಂದು ಪಾಲನ್ನು ಹೀರಿಕೊಂಡು ಹೊರಗೆ ಬಿಡುತ್ತವೆ. ನಮ್ಮ ಇಟ್ಟಿಗೆ ಗೋಡೆ, ಕಾಂಕ್ರೀಟ್ ಸೂರು, ಟೈಲ್ಸ್ ಅಥವಾ ಗ್ರಾನೈಟ್ ನೆಲ ಬಿಟ್ಟುಕೊಡುವುದು ಬಹಳ ಕಡಿಮೆ. ಹೀಗಾಗಿ ಎದುರುಬದುರು ಗೋಡೆಗಳ ನಡುವೆ ಪುಟಿದು ಪುಟಿದು ನಿಂತುಬಿಡುವ ಶಬ್ದದ ಅಲೆಗಳು ನಮ್ಮಲ್ಲಿ ಹೆಚ್ಚು ಪ್ರಬಲ. ನಿಮ್ಮ 14 ಅಡಿಯ ಉದ್ದಕ್ಕೆ ಅಂಥ ಮೊದಲ ಅಲೆ ಸುಮಾರು 40 ಹರ್ಟ್ಸಿನಲ್ಲೂ 12 ಅಡಿಯ ಅಗಲಕ್ಕೆ 47 ಹರ್ಟ್ಸಿನಲ್ಲೂ ನಿಲ್ಲುತ್ತದೆ. ನಿಮ್ಮ ಹಾಲ್ 12ಕ್ಕೆ 12 ಇದ್ದಿದ್ದರೆ ಎರಡೂ ಒಂದೇ ಜಾಗದಲ್ಲಿ ಸೇರಿ ಗುಂಯ್‌ಗುಡುತ್ತಿದ್ದವು. ಸ್ಪೀಕರನ್ನು ಮೂಲೆಗೆ ಒತ್ತಿದರೆ ಈ ಅಲೆಗಳೆಲ್ಲ ಒಟ್ಟಿಗೆ ಎದ್ದೇಳುತ್ತವೆ. ಸೋಫಾವನ್ನು ಗೋಡೆಗೆ ತಾಗಿಸಿದರೆ ಕೇಳುವವರ ಕಿವಿಗೂ ಅದೇ ಗತಿ. ಕೋಣೆಯ ನಟ್ಟನಡುವೆ ಕುಳಿತರೆ ಮೊದಲ ಅಲೆ ಕೇಳಿಸುವುದೇ ಇಲ್ಲ.

ಸ್ಪೀಕರಿನ ಹಿಂದಿನ ಗೋಡೆ ಇನ್ನೊಂದು ತೊಂದರೆ ಕೊಡುತ್ತದೆ. ತಗ್ಗಿನ ಸ್ವರಗಳು ಪೆಟ್ಟಿಗೆಯನ್ನು ಬಳಸಿ ಹಿಂದಕ್ಕೂ ಹೋಗಿ, ಗೋಡೆಗೆ ತಾಗಿ ಮರಳಿ ಬರುತ್ತವೆ. ಆ ಹೋಗಿಬರುವ ದಾರಿ ಅಲೆಯ ಉದ್ದದ ಅರ್ಧದಷ್ಟಾದಾಗ ಮುಂದಿನದೂ ಹಿಂದಿನದೂ ಒಂದನ್ನೊಂದು ಅಳಿಸಿ, ಆ ಸ್ವರದಲ್ಲಿ ಕುಳಿ ಬಿದ್ದಂತೆ ಶಬ್ದ ತಗ್ಗುತ್ತದೆ. ಸ್ಪೀಕರಿನ ಮುಖ ಗೋಡೆಯಿಂದ 2 ಅಡಿ ಇದ್ದರೆ ಈ ಕುಳಿ ಸುಮಾರು 141 ಹರ್ಟ್ಸಿನಲ್ಲಿ ಬೀಳುತ್ತದೆ. ಮೇಲೆ ಹೇಳಿದ ಗಾಯಕರ ಷಡ್ಜ ಇರುವುದು ಅಲ್ಲಿಯೇ! ಆಧಾರ ಸ್ವರವೇ ತೆಳುವಾದ ಗಾಯನಕ್ಕೆ ಧ್ವನಿಮುದ್ರಣವನ್ನು ದೂರಿ ಪ್ರಯೋಜನವಿಲ್ಲ. 3 ಅಡಿಗೆ ತಂದರೆ ಕುಳಿ 94 ಹರ್ಟ್ಸಿಗೆ ಇಳಿದು, ಆ ಶ್ರುತಿಯಲ್ಲಿ ಮಂದ್ರ ಷಡ್ಜಕ್ಕೂ ಮಧ್ಯ ಷಡ್ಜಕ್ಕೂ ನಡುವೆ ಹೋಗಿ ನಿಲ್ಲುತ್ತದೆ. ಆದ್ದರಿಂದ 12 ಅಡಿಯ ಗೋಡೆಯನ್ನು ಬೆನ್ನಿಗಿಟ್ಟು, ಮುಖ 3 ಅಡಿ ಮುಂದೆ ಬರುವಂತೆ, ಪಕ್ಕದ ಗೋಡೆಗಳಿಂದ ಎರಡೂವರೆ ಅಡಿ ಬಿಟ್ಟು, ನಡುವೆ 7 ಅಡಿ ಅಂತರದಲ್ಲಿ ನಿಲ್ಲಿಸಿ. ನೀವು ಎರಡರಿಂದಲೂ 7 ಅಡಿ ದೂರದಲ್ಲಿ ಕುಳಿತರೆ ಸಮಬಾಹು ತ್ರಿಕೋನವಾಗುತ್ತದೆ, ನಿಮ್ಮ ಬೆನ್ನ ಹಿಂದೆ ಸುಮಾರು 5 ಅಡಿ ಜಾಗ ಉಳಿಯುತ್ತದೆ. ಟ್ವೀಟರ್ ನಿಮ್ಮ ಕಿವಿಯ ಮಟ್ಟಕ್ಕೆ ಬರಬೇಕು. ಸೋಫಾದಲ್ಲಿ ಕುಳಿತವರಿಗೆ ಅದು ನೆಲದಿಂದ ಮೂರು ಅಡಿಯ ಆಸುಪಾಸು. ಜಮಖಾನದ ಮೇಲೆ ಕುಳಿತು ಕೇಳುವ ಮನೆಯಾದರೆ ಗಿಡ್ಡ ಸ್ಟ್ಯಾಂಡ್ ಆರಿಸಿ. ಪಕ್ಕದ ಗೋಡೆಯ ಮೇಲೆ ಯಾರಾದರೂ ಕನ್ನಡಿ ಸರಿಸುತ್ತ ಹೋಗಲಿ, ಕುಳಿತಲ್ಲಿಂದ ನಿಮಗೆ ಸ್ಪೀಕರ್ ಕಾಣುವ ಜಾಗದಲ್ಲಿ ಪುಸ್ತಕದ ಕಪಾಟನ್ನೋ ದಪ್ಪ ಪರದೆಯನ್ನೋ ಇಡಿ. ಪರದೆ ಮೇಲಿನ ಸ್ವರಗಳ ಚೀರಾಟವನ್ನು ತಗ್ಗಿಸುತ್ತದೆ, ಆದರೆ ಗುಂಯ್‌ಗುಡುವಿಕೆಗೆ ಅದು ಮದ್ದಲ್ಲ.

ನೀವು ಕೇಳದಿದ್ದರೂ ಒಂದು ಪ್ರಶ್ನೆಯನ್ನು ನಾನೇ ಎತ್ತುತ್ತೇನೆ: ಹಳೆಯ ಮೋನೋ, ಅಂದರೆ ಒಂದೇ ಚಾನೆಲ್ಲಿನ, ಧ್ವನಿಮುದ್ರಣಗಳಿಗೆ ಎರಡು ಸ್ಪೀಕರುಗಳ ಈ ಜೋಡಣೆಯಿಂದ ಲಾಭವೇನು? ಬ್ರಿಟಿಷ್ ಎಂಜಿನಿಯರ್ ಆಲನ್ ಬ್ಲಮ್‌ಲೈನ್ ಸ್ಟೀರಿಯೋ ಪೇಟೆಂಟಿಗೆ ಅರ್ಜಿ ಹಾಕಿದ್ದು 1931ರಲ್ಲಿ, ಸ್ಟೀರಿಯೋ ಎಲ್‌ಪಿಗಳು ಅಂಗಡಿಗೆ ಬಂದದ್ದು 1950ರ ದಶಕದ ಕೊನೆಗೆ. ಮಲ್ಲಿಕಾರ್ಜುನ ಮನ್ಸೂರರೂ ಗಂಗೂಬಾಯಿ ಹಾನಗಲ್ಲರೂ 1930ರ ದಶಕದಲ್ಲಿ ಎಚ್‌ಎಂವಿಗೆ ಹಾಡಿದ 78 ಆರ್‌ಪಿಎಂ ತಟ್ಟೆಗಳೆಲ್ಲ ಮೋನೋ. ಎರಡೂ ಸ್ಪೀಕರುಗಳಿಂದ ಒಂದೇ ಧ್ವನಿ ಬರುವಾಗ ಕಂಠ ಅವುಗಳ ನಟ್ಟನಡುವೆ, ಏನೂ ಇಲ್ಲದ ಜಾಗದಲ್ಲಿ, ಗಟ್ಟಿಯಾಗಿ ನಿಲ್ಲಬೇಕು. ಸ್ಪೀಕರ್ ಜೋಡಣೆಯನ್ನು ಪರೀಕ್ಷಿಸಲು ಇದಕ್ಕಿಂತ ನಂಬಲರ್ಹ ಸಾಧನ ಮನೆಯಲ್ಲಿ ಬೇರೊಂದಿಲ್ಲ. ಕಂಠ ಒಂದು ಬದಿಗೆ ವಾಲಿದರೆ ದೂರಗಳು ಸಮವಿಲ್ಲ, ಅಥವಾ ಒಂದು ಬದಿಯಲ್ಲಿ ಬರಿಗೋಡೆ, ಇನ್ನೊಂದು ಬದಿಯಲ್ಲಿ ತೆರೆದ ಬಾಗಿಲಿದೆ. ಕಂಠ ಎಲ್ಲಿಯೂ ನಿಲ್ಲದೆ ಕೋಣೆಯ ತುಂಬ ಚದುರಿ, ತಗ್ಗಿನ ಸ್ವರಗಳೂ ಮಾಯವಾಗಿದ್ದರೆ ಒಂದು ಸ್ಪೀಕರಿನ ಕೆಂಪು ಮತ್ತು ಕಪ್ಪು ತಂತಿಗಳು ಅದಲುಬದಲಾಗಿವೆ. ಮೊದಲು ಅದನ್ನು ಸರಿಪಡಿಸಿ. ಕಂಠ ನಡುವೆಯೇ ಇದ್ದು ತೀರಾ ಅಗಲವಾಗಿ ಕೇಳಿಸಿದರೆ ಸ್ಪೀಕರುಗಳನ್ನು ನಿಮ್ಮ ಕಡೆಗೆ ಸ್ವಲ್ಪಸ್ವಲ್ಪವೇ ತಿರುಗಿಸುತ್ತ ಬನ್ನಿ. ಈ ಪರೀಕ್ಷೆಯನ್ನು ಫ್ಯಾನ್ ನಿಲ್ಲಿಸಿ ಮಾಡಬೇಕು.

ಹಾಲಿನಲ್ಲಿ 3 ಅಡಿ ಮುಂದೆ ತಂದ ಸ್ಪೀಕರುಗಳು ದಿನವಿಡೀ ಓಡಾಟಕ್ಕೆ ಅಡ್ಡ ಎಂದು ಮನೆಯವರು ಹೇಳಿದರೆ ಅವರ ಮಾತು ನ್ಯಾಯವಾದದ್ದೇ. ಕೇಳದ ಹೊತ್ತಿನಲ್ಲಿ ಸ್ಟ್ಯಾಂಡುಗಳನ್ನು ಗೋಡೆಗೆ ಸರಿಸಿಡಿ. ಕಂಠ ನಡುವೆ ನಿಂತ ದಿನ ಸ್ಟ್ಯಾಂಡಿನ ಮುಂದಿನ ಎರಡು ಮೂಲೆಗಳ ಬಳಿ ಟೈಲ್ಸಿನ ಮೇಲೆ ಬಣ್ಣದ ಟೇಪಿನ ಚಿಕ್ಕ ತುಂಡುಗಳನ್ನು ಅಂಟಿಸಿದ್ದರೆ, ಮರಳಿ ಅದೇ ಜಾಗಕ್ಕೆ, ಅದೇ ಕೋನಕ್ಕೆ ತರಲು ಅರ್ಧ ನಿಮಿಷ ಸಾಕು.