ಬ್ಯಾಡಗಿಯ ಹೊಲ ಮತ್ತು ಜೀವವೈವಿಧ್ಯದ ಕಾನೂನು

ಹಾವೇರಿ ಜಿಲ್ಲೆಯ ಹೊಲಗಳಲ್ಲಿ ಕಾಣುವ ಗೋವಿನಜೋಳ, ಶೇಂಗಾ, ಮೆಣಸಿನಕಾಯಿ ಮೂರೂ ಅಮೆರಿಕ ಖಂಡಗಳಿಂದ ಬಂದ ಬೆಳೆಗಳು. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿಯ ಕಡ್ಡಿ, ಡಬ್ಬಿ ತಳಿಗಳನ್ನು ರೂಪಿಸಿದವರು ಇಲ್ಲಿಯ ರೈತರೇ ಆದರೂ, ಅವುಗಳ ಕಾಡು ಬಂಧುಗಳು ಇರುವುದು ಮೆಕ್ಸಿಕೊದ ಕಡೆಗೆ. ಹೊಸ ರೋಗ ಬಂದು, ಅದನ್ನು ತಾಳಿಕೊಳ್ಳುವ ಗುಣ ನಮ್ಮ ತಳಿಗಳಲ್ಲಿ ಸಿಗದಿದ್ದರೆ ಹೊರಗಿನಿಂದ ತರದೆ ಗತ್ಯಂತರವಿಲ್ಲ. ಆಹಾರ ಭದ್ರತೆಯೆಂದರೆ ಗೋದಾಮಿನ ದಾಸ್ತಾನು ಎಂದುಕೊಂಡವರಿಗೆ ಈ ಕೊಡುಕೊಳ್ಳುವಿಕೆ ಕಣ್ಣಿಗೆ ಬೀಳುವುದಿಲ್ಲ.

ಭತ್ತದ ಗ್ರಾಸಿ ಸ್ಟಂಟ್ ನಂಜುರೋಗಕ್ಕೆ ಮದ್ದು ಹುಡುಕುತ್ತ ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯವರು ಸಾವಿರಾರು ಮಾದರಿಗಳನ್ನು ಜಾಲಾಡಿದಾಗ, ಪ್ರತಿರೋಧ ಗುಣ ಸಿಕ್ಕಿದ್ದು ಉತ್ತರ ಪ್ರದೇಶದ ಕಾಡುಭತ್ತದ ಒಂದು ಮಾದರಿಯಲ್ಲಿ. ಬೀಜ ಕೇಳಿದವರಿಗೆ ಸಿಗುತ್ತಿದ್ದ ಕಾಲ ಅದು. ಆಯಾ ದೇಶದ ಜೈವಿಕ ಸಂಪತ್ತಿನ ಮೇಲೆ ಆಯಾ ದೇಶಕ್ಕೇ ಸಾರ್ವಭೌಮ ಹಕ್ಕಿದೆಯೆಂದು 1992ರ ಜೀವವೈವಿಧ್ಯ ಒಪ್ಪಂದ ಸಾರಿದ ಮೇಲೆ ಕಾಲ ಬದಲಾಯಿತು. ಹತ್ತು ವರ್ಷಗಳಲ್ಲಿ ನಮ್ಮ ಜೀವವೈವಿಧ್ಯ ಕಾಯ್ದೆಯೂ ಬಂತು.

2002ರ ಈ ಕಾಯ್ದೆಗೆ ರೈತ ಅಂಜಬೇಕಿಲ್ಲ. ಜೈವಿಕ ಸಂಪತ್ತನ್ನು ಬಳಸುವ ಮುನ್ನ ಬೆಳೆಗಾರರೂ ಸ್ಥಳೀಯ ಸಮುದಾಯಗಳೂ ರಾಜ್ಯ ಜೀವವೈವಿಧ್ಯ ಮಂಡಳಿಗೆ ತಿಳಿಸಬೇಕಾಗಿಲ್ಲ. ಸಾಂಪ್ರದಾಯಿಕ ತಳಿ ಅಭಿವೃದ್ಧಿಯನ್ನು ಅದು ವಾಣಿಜ್ಯ ಬಳಕೆಯೆಂದು ಎಣಿಸುವುದೂ ಇಲ್ಲ. ಬೀಜ ಕೂಡಿಡುವ, ಬಿತ್ತುವ, ಹಂಚುವ, ಬ್ರ್ಯಾಂಡಿನ ಹೆಸರಿಲ್ಲದೆ ಮಾರುವ ಹಕ್ಕನ್ನು 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಉಳಿಸಿದೆ. ತೊಡಕು ಸಂಶೋಧಕರಿಗೆ ಮತ್ತು ಕಂಪನಿಗಳಿಗೆ. ಕರ್ನಾಟಕದ ಸ್ಥಳೀಯ ಬದನೆ ತಳಿಗಳಿಗೆ ಕೀಟ ತಡೆಯುವ ಬಿಟಿ ವಂಶವಾಹಿ ಸೇರಿಸುವಾಗ ಅನುಮತಿ ಪಡೆದಿರಲಿಲ್ಲವೆಂಬ ಆರೋಪದ ಮೇಲೆ ಧಾರವಾಡದ ನ್ಯಾಯಾಲಯದಲ್ಲೇ ದೂರು ದಾಖಲಾಯಿತು. ಇಂಥ ತಪ್ಪುಗಳಿಗೆ ಮೊದಲು ಜೈಲುಶಿಕ್ಷೆಯಿತ್ತು. 2023ರ ತಿದ್ದುಪಡಿ ಅದನ್ನು ದಂಡಕ್ಕಿಳಿಸಿತು. ಜೈಲು ತಪ್ಪಿದ್ದು ಸರಿ, ಆದರೆ ದೊಡ್ಡ ಕಂಪನಿಗೆ ದಂಡವೆಂಬುದು ಖರ್ಚಿನ ಇನ್ನೊಂದು ಬಾಬತ್ತಾಗಬಾರದು.

ನನಗೆ ಹೆಚ್ಚು ಚಿಂತೆ ತರುವುದು ಗಡಿಯಾಚೆಗಿನ ವ್ಯವಹಾರ. 2001ರ ಅಂತರರಾಷ್ಟ್ರೀಯ ಸಸ್ಯ ತಳಿ ಸಂಪನ್ಮೂಲ ಒಪ್ಪಂದವು 64 ಬೆಳೆಗಳಿಗೆ ಒಂದೇ ಬಗೆಯ ಷರತ್ತಿನ ಸುಲಭ ವಿನಿಮಯ ವ್ಯವಸ್ಥೆ ಮಾಡಿತು. ಧಾರವಾಡ, ಗದಗದ ಎರೆಭೂಮಿಯಲ್ಲಿ ಹಿಂಗಾರಿಗೆ ಬಿತ್ತುವ ಜೋಳ, ಕಡಲೆ, ಗೋದಿ ಆ ಪಟ್ಟಿಯಲ್ಲಿವೆ, ಗೋವಿನಜೋಳವೂ ಇದೆ. ಶೇಂಗಾ ಇಲ್ಲ, ಆದರೂ ಹೈದರಾಬಾದ್ ಬಳಿಯ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನ ಬೀಜ ಸಂಗ್ರಹದಿಂದ ಅದೇ ಷರತ್ತಿನ ಮೇಲೆ ಪಡೆಯಬಹುದು. ಮೆಣಸಿನಕಾಯಿ ಪಟ್ಟಿಯ ಹೊರಗೇ ಉಳಿಯಿತು. ಅದರ ಕಾಡು ತಳಿಯ ಬೀಜ ಬೇಕೆಂದರೆ ಸಾಮಾನ್ಯವಾಗಿ ಆಯಾ ದೇಶದೊಡನೆ ಬೇರೆಯಾಗಿ ಒಪ್ಪಂದ ಕುದುರಿಸಿಕೊಳ್ಳಬೇಕು, ಮತ್ತು ಬೆಳೆಗೆ ಬಿದ್ದ ರೋಗ ಆ ಮಾತುಕತೆ ಮುಗಿಯುವವರೆಗೆ ಕಾಯುವುದಿಲ್ಲ.